ಎಡದ ಸೀಟಿನ ಕವರು

ನನ್ನ ಕಸುಬು ಕುಶನ್ ಕೆಲಸ. ಹೆಮ್ಮಾಡಿಯಲ್ಲಿ ಹೆದ್ದಾರಿಯ ಬದಿಗೆ ಒಂದೇ ಶಟರಿನ ಅಂಗಡಿ. ಒಳಗೆ ಒಂದು ಹೊಲಿಗೆ ಮಿಷನ್ನು, ರೆಕ್ಸಿನ್ ಸುರುಳಿಗಳು, ಮೂಲೆಯಲ್ಲಿ ಸ್ಪಂಜಿನ ರಾಶಿ. ರಿಕ್ಷಾದ ಸೀಟು ಹರಿದವರು, ಬೈಕಿನ ಸೀಟಿಗೆ ಬೆಕ್ಕು ಉಗುರು ಹಾಕಿದವರು ಬರುತ್ತಾರೆ. ಕಾರಿನವರು ಬರುವುದು ಈಗ ಕಡಿಮೆ. ಶೋರೂಮಿನಲ್ಲೇ ಕವರು ಹಾಕಿ ಕೊಡುತ್ತಾರೆ. ಆ ಹೊಲಿಗೆ ನೋಡಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಬರದಿದ್ದರೆ ಬೇಡ. ಕೈಮುಗಿದು ಕರೆಯುವ ಅಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ.

ಹಿಂದೆ ಮಿಷನ್ನು ಎರಡಿದ್ದವು. ಎರಡನೆಯದರಲ್ಲಿ ಹೆಂಡತಿ ಕೂತು ಪೈಪಿಂಗ್ ಹೊಲಿಯುತ್ತಿದ್ದಳು. ಸೀಟಿನ ಅಂಚಿಗೆ ಬೇರೆ ಬಣ್ಣದಲ್ಲಿ ಉಬ್ಬಿ ನಿಲ್ಲುವ ಸಪೂರ ಪಟ್ಟಿಗೆ ಪೈಪಿಂಗ್ ಎನ್ನುತ್ತೇವೆ. ತಿರುವಿನಲ್ಲೂ ಸುಕ್ಕು ಬೀಳದ ಹಾಗೆ ಅದನ್ನು ಹೊಲಿಯುವ ಕೈ ಅವಳದ್ದು, ನನ್ನದಲ್ಲ. ಅವಳು ತೀರಿಕೊಂಡ ತಿಂಗಳಲ್ಲೇ ಆ ಮಿಷನ್ನನ್ನು ತಲ್ಲೂರಿನ ಒಬ್ಬರಿಗೆ ಮಾರಿಬಿಟ್ಟೆ. ನನ್ನ ಎಡಬದಿಗೆ ಅದು ನಿಂತಿದ್ದ ಕಡೆ ಸಿಮೆಂಟು ನೆಲದ ಮೇಲೆ ನಾಲ್ಕು ಕಾಲಿನ ಗುರುತು ಈಗಲೂ ಇದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

ಮಗಳು ಬ್ರಹ್ಮಾವರಕ್ಕೆ ಮದುವೆಯಾಗಿ ಹೋಗಿದ್ದಾಳೆ. "ಅಪ್ಪ, ಊಟ ಆಯ್ತಾ?" ಎಂದು ದಿನವೂ ಫೋನು ಮಾಡುತ್ತಾಳೆ. ಆಯ್ತು ಎನ್ನುತ್ತೇನೆ. ಆ ದಿನದ ಮಾತುಕತೆ ಅಲ್ಲಿಗೆ ಮುಗಿಯುತ್ತದೆ.

ಇಂಥ ನನಗೆ ಎರಡು ಮೂರು ವರ್ಷಕ್ಕೊಮ್ಮೆ ಒಂದು ಹಬ್ಬ ಬರುತ್ತಿತ್ತು. ಹಬ್ಬ ಎಂದರೆ ನನ್ನ ಗೆಳೆಯನ ಹೊಸ ಗಾಡಿ.

ಗೆಳೆಯ ಬಸ್ರೂರಿನವನು. ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಹತ್ತನೇ ಕ್ಲಾಸು ಮುಗಿಸಿ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಗ್ಲಾಸು ತೊಳೆದ. ಈಗ ಅವನದೇ ಹೋಟೆಲುಗಳಿವೆ, ಎಷ್ಟೆಂದು ನಾನು ಕೇಳಿಲ್ಲ. ಮೊದಲ ಸಲ ಊರಿಗೆ ಒಂದು ಹಳೆ ವ್ಯಾನು ತಂದಾಗ ಅದರ ಸೀಟು ನೋಡಿ ನಾನು ಬಾಯಿಗೆ ಬಂದ ಹಾಗೆ ಬೈದು, ಅವನನ್ನು ಅಲ್ಲೇ ಕೂರಿಸಿಕೊಂಡು ಹೊಸ ಕವರು ಹೊಲಿದು ಹಾಕಿದೆ. ಪೂಜೆ ಮುಗಿಸಿ "ಹತ್ತ್ ಮಾರಾಯಾ" ಎಂದು ಎಡಬದಿಯ ಬಾಗಿಲು ತೆರೆದ. ತ್ರಾಸಿ ದಾಟಿ ಮರವಂತೆಗೆ ಹೋಗಿ ಒಂದೊಂದು ಚಾ ಕುಡಿದು ಬಂದೆವು. ಅಲ್ಲಿಂದ ಅದೇ ಕಟ್ಟಳೆಯಾಯಿತು. ಅವನು ಯಾವ ಗಾಡಿಯನ್ನೇ ತೆಗೆದುಕೊಳ್ಳಲಿ, ಮೊದಲು ನನ್ನ ಅಂಗಡಿಗೆ ಬರಬೇಕು, ನಾನು ಕವರು ಹಾಕಬೇಕು, ಚಕ್ರದಡಿಯ ನಿಂಬೆಹಣ್ಣು ಅಪ್ಪಚ್ಚಿಯಾಗಬೇಕು, ಆಮೇಲೆ ಎಡದ ಸೀಟಿನಲ್ಲಿ ನಾನು ಕೂತು ಮರವಂತೆಗೆ ಮೊದಲ ಸವಾರಿ. ಅವನ ಹೆಂಡತಿ ಮಕ್ಕಳು ಹತ್ತುವುದು ನಾನು ಇಳಿದ ಮೇಲೆಯೇ. ಕೂತವನ ಗತ್ತು ನೋಡಬೇಕಿತ್ತು ನೀವು. ಹೆಮ್ಮಾಡಿ ಪೇಟೆ ದಾಟುವವರೆಗೂ ಗಾಜು ಇಳಿಸಿಯೇ ಇಟ್ಟುಕೊಳ್ಳುತ್ತಿದ್ದೆ.

ಹೋದ ಸಲ ಅವನು ತಂದದ್ದು ಏಳು ಸೀಟಿನ ದೊಡ್ಡ ಗಾಡಿ. ಹೆಂಡತಿ ಇಲ್ಲದೆ ನಾನು ಮಾಡಿದ ಮೊದಲ ದೊಡ್ಡ ಕೆಲಸ ಅದು. ಏಳಕ್ಕೂ ಪೈಪಿಂಗ್ ನಾನೇ ಹೊಲಿದಿದ್ದೆ, ಎಲ್ಲವೂ ಸೊಟ್ಟ. ಅವನು ಏನೂ ಅನ್ನಲಿಲ್ಲ. ಮರವಂತೆಯಲ್ಲಿ ಚಾ ಕುಡಿಯುವಾಗ, ಸಮುದ್ರದ ಕಡೆ ಮುಖ ಮಾಡಿ, "ಹೆಂಡ್ತಿ ಮಕ್ಕಳ್ ಈಗ ಬೇರೆ ಮನಿಯಗ್ ಇದ್ರ್ ಮಾರಾಯಾ. ಈಗ ನಾನೊಬ್ನೆ" ಎಂದ. ನನ್ನ ಬಾಯಿಗೆ ಬೀಗ ಯಾವತ್ತೂ ಇಲ್ಲ. "ಹಾಂಗಾರೆ ನಿಂಗೆ ಏಳ್ ಸೀಟ್ ಎಂತಕೆ? ಆರ್ ಸೀಟಿನ್ ಕವರ್ ಬಿಚ್ಚಿ ನಂಗೆ ವಾಪಸ್ ಕೊಡ್" ಎಂದು ಜೋರಾಗಿ ನಕ್ಕೆ. ಅವನೂ ನಕ್ಕ ಎಂದೇ ನಾನು ನಂಬಿಕೊಂಡಿದ್ದೆ. ಗ್ಲಾಸು ಕೊಟ್ಟು ವಾಪಸು ಬಂದೆವು.

ಎರಡು ವರ್ಷ ಕಳೆದ ಮೇಲೆ ಫೋನು ಬಂತು. ಸ್ವರದಲ್ಲಿ ಹುಮ್ಮಸ್ಸಿತ್ತು.

"ಹ್ವಾಯ್, ಹೊಸ ಕಾರ್ ತೆಕ್ಕಂಡೆ. ಇದ್ ಬೇರೆ ಜಾತಿ. ರೇಸ್ ಟ್ರ್ಯಾಕಗೆ ಓಡುಕೆ ಅಂದೇಳಿಯೇ ಮಾಡಿದ್ದ್. ಕಂಪನಿಯವ್ರ್ ಎಣಿಸಿ ಸ್ವಲ್ಪವೇ ಮಾಡಿದ್ದ್ ಅಂಬ್ರ್."

ಅದರ ಎಂಜಿನಿನ ಕತೆಯನ್ನು ಅರ್ಧ ಗಂಟೆ ಹೇಳಿದ. ಟರ್ಬೊ ಎಂದರೆ ಎಂತ ಎಂದು ನನಗೆ ತಿಳಿದದ್ದು ಆವತ್ತೇ. ಎಂಜಿನಿನಿಂದ ಸುಮ್ಮನೆ ಹೊರಗೆ ಹೋಗುವ ಹೊಗೆಯಿಂದಲೇ ಒಂದು ಫ್ಯಾನು ತಿರುಗುತ್ತದಂತೆ, ಅದರಿಂದ ಎಂಜಿನಿಗೆ ಇನ್ನಷ್ಟು ಗಾಳಿ ತುರುಕುತ್ತದಂತೆ. ಅಂಥದ್ದು ಇದರಲ್ಲಿ ಎರಡಿವೆಯಂತೆ. ಟ್ರ್ಯಾಕಿಗೆಂದು ಮಾಡಿದ ಈ ಮಾದರಿಯಲ್ಲಿ ಭಾರ ಕಡಿಮೆ ಮಾಡಲಿಕ್ಕೆ ಕಾರ್ಪೆಟ್ ತೆಗೆದಿದ್ದಾರೆ, ರೇಡಿಯೊ ತೆಗೆದಿದ್ದಾರೆ, ಬಾಗಿಲು ಎಳೆದುಕೊಳ್ಳಲಿಕ್ಕೆ ಹಿಡಿಯ ಬದಲು ಬಟ್ಟೆಯ ಪಟ್ಟಿ. ತೆಗೆಸಿಕೊಂಡದ್ದಕ್ಕೆ ಹಣ ಹೆಚ್ಚು ಕೊಡುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಇರಲಿ. ನನಗೆ ಬೇಕಾದದ್ದು ಒಂದೇ ಸಂಗತಿ.

"ಕವರಿನ್ ಅಳತೆ ಯಾವಾಗ ಕೊಡ್ತೆ?"

"ಇದಕ್ ಕವರ್ ಬೇಡ ಮಾರಾಯಾ. ನೀನ್ ಸುಮ್ನೆ ಕಷ್ಟ ಮಾಡ್ಕಣ್ಬೇಡ" ಎಂದ.

ನಮ್ಮ ಕಡೆಯ ಊಟದ ಪಂಕ್ತಿಯಲ್ಲಿ ಬೇಡ ಎಂದವನ ಎಲೆಗೆ ಇನ್ನೊಂದು ಸೌಟು ಹೆಚ್ಚೇ ಬೀಳುತ್ತದೆ. ಬೇಡ ಎನ್ನುವುದು ಮರ್ಯಾದೆ, ಬಡಿಸುವುದು ಪ್ರೀತಿ. ಚಿಕ್ಕಂದಿನಿಂದ ಹೀಗೇ ಬೆಳೆದವನು ನಾನು. ಅವನು ಇನ್ನೂ ಎರಡು ಸಲ ಬೇಡ ಎಂದ. ನಾನು ಫೋನಿಟ್ಟು ಬಟ್ಟೆ ಹುಡುಕಲಿಕ್ಕೆ ಕುಂದಾಪುರಕ್ಕೆ ಹೊರಟೆ.

ಅಳತೆ ಇಲ್ಲ. ಫೋನಿನಲ್ಲಿ ಆ ಕಾರಿನ ಚಿತ್ರಗಳನ್ನು ಹುಡುಕಿ, ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಎರಡೇ ಸೀಟು. ಅವೂ ಮರದ ಮರಿಗೆಯ ಹಾಗೆ ಗಟ್ಟಿ, ತೆಳು, ಮೆತ್ತಗೆ ಎನ್ನುವುದೇ ಇಲ್ಲ. ಅದರಲ್ಲಿ ಕೂತವನ ಸೊಂಟದ ಗತಿ ಎಂತ? ಕರಿಯ ಮೆದು ಬಟ್ಟೆ, ಒಳಗೆ ತೆಳುವಾದ ಸ್ಪಂಜು, ಕಟ್ಟಲಿಕ್ಕೆ ನಾಲ್ಕು ನಾಲ್ಕು ಲಾಡಿ, ಸುತ್ತ ಕೆಂಪು ಪೈಪಿಂಗ್. ಪೈಪಿಂಗನ್ನು ಮೂರು ಸಲ ಬಿಚ್ಚಿ ಹೊಲಿದೆ. ಬಲದ್ದನ್ನು ಅವನ ಅಂದಾಜಿಗೆ ಕತ್ತರಿಸಿದೆ. ಎಡದ್ದನ್ನು ಹಲಗೆಯ ಮೇಲೆ ಇಟ್ಟು, ನಾನೇ ಕೂತು, ನನ್ನ ಬೆನ್ನಿಗೆ ಸರಿಯಾಗಿ ಕತ್ತರಿಸಿದೆ. ಸೊಂಟದ ಹತ್ತಿರ ಸ್ಪಂಜು ಒಂದು ಪದರ ಹೆಚ್ಚು ಹಾಕಿದೆ. ಆ ಹದಿನೈದು ದಿನ ಅಂಗಡಿಯಲ್ಲಿ ಒಬ್ಬನೇ ಇದ್ದೇನೆಂದು ಅನ್ನಿಸಲೇ ಇಲ್ಲ. ಮಗಳಿಗೂ ಫೋನಿನಲ್ಲಿ ಹೇಳಿದೆ, ಮುಂದಿನ ವಾರ ನಾನು ರೇಸಿನ ಕಾರಿನಲ್ಲಿ ಹೋಗುವವನಿದ್ದೇನೆ ಎಂದು.

ಹೆಮ್ಮಾಡಿ ಸೇವಂತಿಗೆ ಅರಳುವ ಹೊತ್ತು ಅದು. ಬೆಳಿಗ್ಗೆಯೇ ಎರಡು ಮಾರು ಮಾಲೆ ಕಟ್ಟಿಸಿ ತಂದಿಟ್ಟಿದ್ದೆ. ಸುತ್ತ ಮುಚ್ಚಿದ ಲಾರಿಯೊಂದು ನನ್ನ ಅಂಗಡಿಯ ಎದುರು ಸರ್ವಿಸ್ ರಸ್ತೆಯಲ್ಲಿ ನಿಂತಿತು. ಹಿಂದಿನಿಂದ ಬಂದ ಏಳು ಸೀಟಿನ ಗಾಡಿಯಿಂದ ಗೆಳೆಯ ಒಬ್ಬನೇ ಇಳಿದ. ಸೊರಗಿದ್ದ. ಲಾರಿಯಲ್ಲಿ ಬಂದ ಮೆಕ್ಯಾನಿಕ್ಕು ಹಲಗೆ ಮೇಲೆ ಹಲಗೆ ಜೋಡಿಸಿ ಕಾರನ್ನು ಕೆಳಗಿಳಿಸಲಿಕ್ಕೆ ಅರ್ಧ ಗಂಟೆ ತೆಗೆದುಕೊಂಡ. ಅಬ್ಬಾ! ಕಾರೆಂದರೆ ನನ್ನ ಸೊಂಟದ ಎತ್ತರ ಇಲ್ಲ. ಹಿಂದೆ ಹಲಗೆಯಂಥ ದೊಡ್ಡ ರೆಕ್ಕೆ. ಮೈಯೆಲ್ಲ ತೂತು, ಕಿಂಡಿ, ಗಾಳಿ ಹೋಗಲಿಕ್ಕೆ ಬರಲಿಕ್ಕೆ. ನಿಮಿಷದೊಳಗೆ ರಿಕ್ಷಾ ಸ್ಟ್ಯಾಂಡಿನವರೆಲ್ಲ ಮೊಬೈಲು ಹಿಡಿದು ಸುತ್ತ ನಿಂತರು.

ಬಸ್ರೂರಿನ ಓಣಿಗೆ ಆ ಕಾರು ಇಳಿಯುವುದಿಲ್ಲ. ಒಂದು ಹಂಪು ಸಾಕು, ಮುಂದಿನ ತುಟಿ ಕಿತ್ತು ಬರುತ್ತದೆ. ಅದಕ್ಕೇ ಭಟ್ಟರನ್ನು ಅಂಗಡಿಯ ಎದುರಿಗೇ ಕರೆಸಿದ್ದೆವು. ಅವರಿಗೂ ಮೆಕ್ಯಾನಿಕ್ಕಿಗೂ ಜಟಾಪಟಿ ಶುರುವಾಯಿತು. ಕುಂಕುಮ ಹಚ್ಚಬಾರದು, ಬಣ್ಣದ ಮೇಲೆ ಫಿಲ್ಮು ಇದೆ. ಆರತಿ ದೂರದಿಂದ. ತೆಂಗಿನಕಾಯಿ ಮುಂದೆ ಒಡೆಯಬಾರದು, ಟಯರು ಮೆದು, ಗೆರಟೆ ಚೂರು ಹೊಕ್ಕರೆ ಕೆಲಸ ಕೆಟ್ಟಿತು. ಕಡೆಗೆ ಭಟ್ಟರು ಸಿಟ್ಟಿನಲ್ಲಿ ಕಾಯಿಯನ್ನು ನನ್ನ ಸ್ಕೂಟರಿನ ಮುಂದೆ ಒಡೆದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾಲೆಯನ್ನು ಹಿಂದಿನ ರೆಕ್ಕೆಗೆ ಕಟ್ಟಿದೆವು.

ಇನ್ನು ನನ್ನ ಸರದಿ. ಅಂಗಡಿಯೊಳಗಿಂದ ಎರಡೂ ಕವರನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದೆ. ಗೆಳೆಯ "ಹೋಯ್, ಒಂದ್ ನಿಮಿಷ" ಎಂದದ್ದು ಕೇಳಿಸಿತು, ಕೇಳಿಸದವನ ಹಾಗೆ ಮುಂದೆ ಹೋದೆ. ಎಡಬದಿಯ ಬಾಗಿಲನ್ನು ನಾನೇ ತೆರೆದೆ.

ಸೀಟು ಇರಲಿಲ್ಲ.

ಬರಿಯ ಕಪ್ಪು ನೆಲ. ಸೀಟು ಕೂರಬೇಕಾದ ಕಡೆ ನಾಲ್ಕು ತೂತು, ನಾಲ್ಕಕ್ಕೂ ಸಣ್ಣ ಮುಚ್ಚಳ. ಹಿಂದೆ ಕಬ್ಬಿಣದ ಪೈಪುಗಳ ಪಂಜರ. ಬಲಬದಿಯಲ್ಲಿ ಒಂದೇ ಒಂದು ಸೀಟು. ಸೀಟು ಎಲ್ಲೋ ಲಾರಿಯಲ್ಲಿ ಉಳಿದಿರಬೇಕೆಂದು ನಾನು ಪೆದ್ದನ ಹಾಗೆ ಲಾರಿಯ ಕಡೆ ತಿರುಗಿ ನೋಡಿದೆ. "ಎಡದ್ದೆಲ್ಲಿ?" ಎಂದು ಮೆಕ್ಯಾನಿಕ್ಕನ್ನು ಕೇಳಿದೆ. ಎಡದ ಸೀಟು ಬೇಡ ಎಂದು ಸಾಹೇಬರೇ ಫಾರಮಿನಲ್ಲಿ ಬರೆದು ಕೊಟ್ಟಿದ್ದಾರೆ, ಭಾರ ಕಡಿಮೆಯಾಗುತ್ತದೆ ಎಂದು ಅವನು ಹರುಕು ಮುರುಕು ಕನ್ನಡದಲ್ಲಿ ವಿವರಿಸಿದ. ಕಂಪನಿಯವರು ಕೇಳಿದವರಿಗೆ ಹಾಗೆ ಮಾಡಿ ಕೊಡುತ್ತಾರಂತೆ.

ಕಂಕುಳಲ್ಲಿ ಕವರು. ಸುತ್ತ ಮೊಬೈಲು. ರಿಕ್ಷಾದವನೊಬ್ಬ "ಇವತ್ ಇವ್ರ್ ಹೋಪುದ್ ರೆಕ್ಕಿ ಮೇಲ್ ಕೂಕಂಡೇ" ಎಂದ. ನನಗೆ ಕಿವಿಯವರೆಗೆ ಬಿಸಿಯಾಯಿತು. ಭಾರವಂತೆ ಭಾರ! ಅವನ ಬದುಕಿನಲ್ಲಿ ಕಡಿಮೆ ಮಾಡಬೇಕಾದ ಭಾರ ನಾನೇ ಎಂದಾಯಿತಲ್ಲ. "ಹೋಯ್ಬಾ ಮಾರಾಯಾ, ನೀನೊಬ್ನೆ ಹೋಯ್ಬಾ" ಎಂದು ಗೆಳೆಯನಿಗೆ ಹೇಳಿ ಅಂಗಡಿಯೊಳಗೆ ನಡೆದೆ. ಅಳು ಬಂದಿತ್ತು, ಸುಳ್ಳೇಕೆ ಹೇಳಲಿ.

ಅವನು ನನ್ನ ಹಿಂದೆಯೇ ಬಂದ. ಶಟರನ್ನು ಅರ್ಧ ಎಳೆದ.

"ನಂಗೆ ಬೈ ಮಾರಾಯಾ" ಎಂದ.

"ಬೈಯುಕೆ ಎಂತ ಇತ್ತ್? ನಿನ್ ಕಾರ್, ನಿನ್ ಸೀಟ್. ಆರೆ ಮೊದ್ಲೇ ಹೇಳುಕೆ ಎಂತ ಧಾಡಿ ನಿಂಗೆ?"

"ಹೇಳಿದ್ನಲೆ, ಮೂರ್ ಸಲ. ಕವರ್ ಬೇಡ ಅಂದೇಳಿ."

"ಬೇಡ ಅಂದ್ರೆ ಬೇಡ ಅಂದೇಳಿ ತಿಳ್ಕಂಬುಕೆ ನಾನೆಂತ ಘಟ್ಟದ್ ಮೇಲಿನವ್ನಾ?"

ಅವನು ನಗಲಿಲ್ಲ. ನನ್ನನ್ನೂ ನೋಡಲಿಲ್ಲ. ಮಿಷನ್ನು ಇದ್ದ ಜಾಗವನ್ನು, ಆ ನಾಲ್ಕು ಗುರುತನ್ನು ನೋಡುತ್ತ ನಿಂತಿದ್ದ. ಹೆಂಡತಿಯ ಮಿಷನ್ನು ಮಾರಿದ್ದು ತಿಳಿದಾಗ ಇದೇ ಮನುಷ್ಯ ಬೊಂಬಾಯಿಯಿಂದ ಫೋನು ಮಾಡಿ ನನ್ನನ್ನು ಬೈದಿದ್ದ.

"ಭಾರಕ್ ಅಲ್ಲ" ಎಂದ. "ನೀನೇ ಹೇಳಿದ್ಯಲೆ ಹೋದ್ ಸಲ, ಏಳ್ ಸೀಟ್ ಎಂತಕೆ ಅಂದೇಳಿ. ಎರಡ್ ವರ್ಷ ಆ ಗಾಡಿಯಗೆ ನಾನೊಬ್ನೆ ತಿರ್ಗ್ದೆ. ಹಿಂದಿನ್ ಸೀಟ್ ಕಾಂತಿಲ್ಲೆ, ತೊಂದ್ರಿ ಇಲ್ಲೆ. ಆರೆ ಎಡದ್ದ್ ಕಣ್ಣಿಗ್ ಬೀಳತ್ತ್ ಮಾರಾಯಾ. ಬ್ರೇಕ್ ಹಾಕ್ದಾಗೆಲ್ಲ ನನ್ ಕೈ ತನ್ನಷ್ಟಕ್ ಆ ಬದಿಗ್ ಹೋತ್ತ್, ಹೆಂಡ್ತಿ ಮುಂದಕ್ಕ್ ಮುಗ್ಗರಿಸುಕಾಗ ಅಂದೇಳಿ. ಕಂಡ್ರೆ ಅಲ್ ಯಾರೂ ಇಲ್ಲೆ."

ಕಂಕುಳಲ್ಲಿದ್ದ ಕವರುಗಳನ್ನು ಮಿಷನ್ನಿನ ಮೇಲೆ ಇಟ್ಟೆ.

"ಫಾರಮಿನಗೆ ಎಡದ್ ಸೀಟ್ ಬೇಕಾ ಬೇಡ್ದಾ ಅಂದೇಳಿ ಕೇಂಡ್ರ್. ಬೇಡ ಅಂದೆ. ಅದನ್ ಕಾಂಬುಕೆ ನನ್ ಹತ್ರ ಆತಿಲ್ಲೆ."

ಮರವಂತೆಯ ಚಾದಂಗಡಿ ನೆನಪಾಯಿತು. ಅವನು ಆವತ್ತು ನಕ್ಕಿರಲಿಲ್ಲ. ನಕ್ಕದ್ದು ನಾನೊಬ್ಬನೇ. ಅವನ ಮನೆ ಒಡೆದ ಸುದ್ದಿ ಕೇಳಿ ನಾನು ಕೊಟ್ಟ ಉತ್ತರ ಕವರಿನ ತಮಾಷೆ. ಅದಾಗಿ ಎರಡು ವರ್ಷ, ಹೇಗಿದ್ದೀಯಾ ಎಂದು ಒಂದು ಫೋನು ನಾನಾಗಿ ಮಾಡಿದವನಲ್ಲ. ಮುಂದಿನ ಗಾಡಿ ಯಾವಾಗ ಬರುತ್ತದೆ, ನಾನು ಯಾವಾಗ ಎಡಕ್ಕೆ ಕೂರುತ್ತೇನೆ ಎನ್ನುವುದೊಂದೇ ನನ್ನ ಧ್ಯಾನ. ಅವಮಾನವಾದದ್ದು ನನಗೆ ಎಂದುಕೊಂಡು ಅಂಗಡಿಯೊಳಗೆ ಓಡಿ ಬಂದಿದ್ದೆ. ಛೀ, ನನ್ನ ಜನ್ಮಕ್ಕೆ.

ಕ್ಷಮಿಸು ಎನ್ನುವ ಮಾತು ನಮ್ಮಿಬ್ಬರ ನಡುವೆ ಯಾವತ್ತೂ ಬಳಕೆಯಲ್ಲಿಲ್ಲ. ಎಡದ ಕವರನ್ನು ಮತ್ತೆ ಕಂಕುಳಿಗೆ ಸೇರಿಸಿದೆ.

"ಸೀಟ್ ಇಲ್ದಿರೆ ನೆಲ ಇತ್ತಲೆ" ಎಂದೆ. "ಬಾ ಹೋಪ."

ಮೆಕ್ಯಾನಿಕ್ಕು ತಲೆ ತಲೆ ಚಚ್ಚಿಕೊಂಡ. ಬೆಲ್ಟಿಲ್ಲ, ಸೀಟಿಲ್ಲ, ಹೀಗೆಲ್ಲ ಕೂರಲಿಕ್ಕೆ ಇಲ್ಲ ಎಂದ. ಅವನು ಹೇಳಿದ್ದೇ ಸರಿ, ನಾವು ಮಾಡಿದ್ದು ತಪ್ಪು. "ಸೈಕಲ್ಲಿನ್ ಹಾಂಗ್ ಹೋತೆ" ಎಂದು ಗೆಳೆಯ ಸಮಾಧಾನ ಹೇಳಿದ. ನಾನು ಎಡದ ಕವರನ್ನು ನಾಲ್ಕು ಮುಚ್ಚಳದ ಮೇಲೆ ಹಾಸಿ, ಕೈಯೂರಿ, ಮೊಣಕಾಲು ಮಡಚಿ, ಅಯ್ಯಪ್ಪಾ ಎನ್ನುತ್ತ ಒಳಗೆ ಇಳಿದೆ. ಬೆನ್ನಿಗೆ ಪಂಜರದ ಪೈಪು ಒತ್ತಿತು. ಸೊಂಟಕ್ಕೆ ಹಾಕಿದ ಹೆಚ್ಚಿನ ಪದರ ಎಲ್ಲಿಗೆ ಬರಬೇಕಿತ್ತೋ ಅಲ್ಲಿಗೆ ಬರಲಿಲ್ಲ.

ಕಾರು ಶುರುವಾದಾಗ ನೆಲವೇ ಎದೆಯೊಳಗೆ ಗುಡುಗಿತು. ಹೊದಿಕೆ ಎಂಬುದು ಏನೂ ಇಲ್ಲವಲ್ಲ. ಚಕ್ರಕ್ಕೆ ಸಿಕ್ಕಿದ ಪ್ರತಿ ಕಲ್ಲೂ ಟಿಣ್ ಎಂದು ತಳಕ್ಕೆ ಬಡಿಯುವುದು ಕೇಳುತ್ತದೆ. ಗೆಳೆಯ ಸ್ವಲ್ಪ ತುಳಿದು ಕಾಲು ತೆಗೆದರೆ ಬೆನ್ನ ಹಿಂದೆ ಕುಕ್ಕರಿನ ಹಾಗೆ ಉಸ್ ಎನ್ನುತ್ತದೆ. ಅದು ಟರ್ಬೊ ಗಾಳಿ ಬಿಡುವ ಸದ್ದಂತೆ, ಕಿರುಚಿ ಹೇಳಿದ. ಗಂಟೆಗೆ ಮುನ್ನೂರು ಕಿಲೋಮೀಟರು ಓಡುವ ಕಾರು ತ್ರಾಸಿಯವರೆಗೆ ಒಂದು ಮೀನಿನ ಟೆಂಪೊದ ಹಿಂದೆಯೇ ಹೋಯಿತು. ನಮ್ಮನ್ನು ಸ್ಕೂಟಿಗಳು ದಾಟಿದವು, ಬೈಂದೂರಿನ ಬಸ್ಸು ಹಾರ್ನು ಹೊಡೆದು ದಾಟಿತು.

ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಅದನ್ನು ನೋಡಲಿಕ್ಕೇ ಜನ ಬರುವುದು. ನೆಲದ ಮೇಲೆ ಕೂತ ನನಗೆ ಕಂಡದ್ದು ಅವನ ಮೊಣಕಾಲು, ಸ್ಟೀರಿಂಗಿನ ಅಡಿಭಾಗ, ಗಾಜಿನ ತುದಿಯಲ್ಲಿ ಒಂದು ಗೇಣು ಆಕಾಶ.

"ಕಡ್ಲ್ ಕಾಂತಾ?" ಎಂದು ಕೂಗಿ ಕೇಳಿದ.

"ಇಲ್ಲೆ. ಸದ್ದ್ ಕೇಂತ್" ಎಂದೆ. ಸದ್ದೂ ಕೇಳುತ್ತಿರಲಿಲ್ಲ.

ಆಗ ಎದುರಿಗೆ ಎಂತದೋ ಅಡ್ಡ ಬಂತು. ದನವೋ, ಬೈಕೋ, ನನಗೆ ಕಾಣಲಿಲ್ಲ. ಅವನು ಗಟ್ಟಿ ಬ್ರೇಕು ಹಾಕಿದ. ನಾನು ಕವರಿನ ಸಮೇತ ಮುಂದಕ್ಕೆ ಜಾರಿದೆ. ಅಷ್ಟರಲ್ಲಿ ಅವನ ಎಡಗೈ ಬಂದು ನನ್ನ ಎದೆಗೆ ಅಡ್ಡ ನಿಂತಿತು. ಕಾರು ನಿಂತ ಮೇಲೂ ಅವನು ಆ ಕೈಯನ್ನು ತೆಗೆಯಲಿಲ್ಲ. ಇಬ್ಬರೂ ಮುಂದೆ ನೋಡುತ್ತ ಹಾಗೇ ಕೂತೆವು. ಹಿಂದಿನಿಂದ ಬಂದ ಲಾರಿಯವನೊಬ್ಬ ಹಾರ್ನು ಬಾರಿಸಿ ಬೈದುಕೊಂಡು ಹೋದ. ಆವತ್ತು ಚಾ ಕುಡಿಯಲಿಲ್ಲ. ಇಳಿದರೆ ಮತ್ತೆ ಹತ್ತಲಿಕ್ಕೆ ನನ್ನ ಕಾಲು ಕೇಳುವಂತಿರಲಿಲ್ಲ.

ಮಧ್ಯಾಹ್ನ ಲಾರಿಗೆ ಕಾರು ಹತ್ತಿತು, ಮದ್ರಾಸಿನ ಕಡೆಯ ಟ್ರ್ಯಾಕಿಗೆ. ಎಡದ ಕವರನ್ನು ತೆಗೆಯಲಿಕ್ಕೆಂದು ಬಗ್ಗಿದೆ. "ಇರ್ಲಿ" ಎಂದ. ಸರಿ, ಅದನ್ನು ಎರಡಾಗಿ ಮಡಚಿ, ಎದ್ದು ನಿಲ್ಲುವ ಹಾಗೆ ಲಾಡಿಯಿಂದ ಪಂಜರದ ಪೈಪಿಗೆ ಕಟ್ಟಿದೆ. ಅವನು ತನ್ನ ದೊಡ್ಡ ಗಾಡಿಯಲ್ಲಿ ಒಬ್ಬನೇ ಲಾರಿಯ ಹಿಂದೆ ಹೋದ. ಬಲದ ಕವರು ಅಂಗಡಿಯಲ್ಲೇ ಉಳಿಯಿತು. ಸೇವಂತಿಗೆಯ ಎಸಳು ಎರಡು ದಿನ ಅಂಗಡಿಯೆದುರು ಬಿದ್ದುಕೊಂಡಿತ್ತು, ಗುಡಿಸಲಿಕ್ಕೆ ಮನಸ್ಸು ಬರಲಿಲ್ಲ.

ಈಗ ವಾರಕ್ಕೊಮ್ಮೆ ಫೋನು ಮಾಡುತ್ತೇನೆ, ನಾನಾಗಿಯೇ. ಹೆಚ್ಚು ಮಾತು ಇರುವುದಿಲ್ಲ, ಎರಡೂ ಕಡೆ. ಮಳೆ ಬಂತಾ, ಊಟ ಆಯ್ತಾ, ಇಷ್ಟೇ. ಮೊನ್ನೆ ಕವರಿನ ಸಂಗತಿ ಕೇಳಿದೆ. ಟ್ರ್ಯಾಕಿಗೆ ಇಳಿಯುವ ಮೊದಲು ಅದನ್ನು ತೆಗೆಯಲೇಬೇಕಂತೆ, ಸಡಿಲ ಸಾಮಾನು ಕಾರಿನೊಳಗೆ ಇರಕೂಡದಂತೆ. ಪ್ರತಿ ಸಲವೂ ಬಿಚ್ಚುತ್ತಾನಂತೆ, ಓಟ ಮುಗಿದ ಮೇಲೆ ಲಾಡಿ ಕಟ್ಟಿ ಅಲ್ಲೇ ನಿಲ್ಲಿಸುತ್ತಾನಂತೆ. ಮೆಕ್ಯಾನಿಕ್ಕು ನಗುತ್ತಾನಂತೆ.

"ಉಪದ್ರ ಆದ್ರೆ ಬಿಸಾಡ್ ಮಾರಾಯಾ" ಎಂದೆ.

ಕೇಳಬಾರದಿತ್ತೇನೋ, ಆದರೂ ಕೇಳಿದೆ.

"ಬ್ರೇಕ್ ಹಾಕ್ದಾಗ ಕೈ ಈಗ್ಲೂ ಹೋತ್ತಾ?"

"ಈ ಕಾರ್ ತೆಕ್ಕಂಡ್ ರಸ್ತೆಗ್ ಇಳ್ದಾಗ ಹೋತ್ತ್" ಎಂದ. "ಕೈಗ್ ನಿನ್ ಕವರ್ ಸಿಕ್ಕತ್ತ್."

ಫೋನು ಇಟ್ಟ ಮೇಲೆ ಮಿಷನ್ನಿಗೆ ಕೂತೆ. ಒಂದು ರಿಕ್ಷಾದ ಸೀಟಿಗೆ ಪೈಪಿಂಗ್ ಹೊಲಿಯುವುದಿತ್ತು. ತಿರುವು ಬಂದಾಗ ಎಂದಿನ ಹಾಗೆ ಸುಕ್ಕು ಬಿತ್ತು. ಕಾಣ್, ಇದನ್ನೊಂದು ಸರಿ ಮಾಡು ಎಂದು ಸೀಟನ್ನು ಎಡಕ್ಕೆ ಚಾಚಿದೆ. ಅಲ್ಲಿ ಆ ನಾಲ್ಕು ಗುರುತು ಬಿಟ್ಟು ಬೇರೇನೂ ಇರಲಿಲ್ಲ. ಚಾಚಿದ ಕೈಯನ್ನು ಮೆಲ್ಲಗೆ ಹಿಂದೆ ತಂದು, ಹೊಲಿಗೆ ಬಿಚ್ಚಲಿಕ್ಕೆ ಶುರು ಮಾಡಿದೆ.